ಅಮ್ಮನ ಪಾರ್ಟು ಬಂತು ಅಂತ ಅತ್ತುಬಿಟ್ಟೆಯಂತೆ

ಮೈಸೂರು
ಭಾನುವಾರ ಬೆಳಿಗ್ಗೆ

ಚಿ. ಪುಟ್ಟಿಗೆ,

ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಮಂಡಿನೋವು ಒಂದು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ.

ನಿನ್ನೆ ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಎಲ್ಲ ಹೇಳಿದಳು. ಧಾರಾವಾಹಿಯವರು ಹೀರೋನ ತಾಯಿ ಪಾರ್ಟು ಮಾಡೋಕೆ ಕರೆದಿದ್ದಾರೆ, ಆ ಹುಡುಗ ನಿನಗಿಂತ ನಾಲ್ಕೇ ವರ್ಷ ಚಿಕ್ಕವನು, ನೀನು ರಾತ್ರಿ ಊಟ ಬಿಟ್ಟು ಅತ್ತುಬಿಟ್ಟೆಯಂತೆ. ಮೂವತ್ತಮೂರಕ್ಕೇ ತಲೆಗೆ ಬಿಳಿ ಬಳಿದುಕೊಂಡರೆ ಆಮೇಲೆ ಯಾರೂ ಬೇರೆ ಪಾರ್ಟು ಕೊಡೋದಿಲ್ಲ, ಬೇಡ ಅಂದ್ಬಿಡು ಅಂತ ನಿಮ್ಮಮ್ಮನ ಸಲಹೆ. ಅವಳ ಮಾತು ಪೂರ್ತಿ ಸುಳ್ಳೇನಲ್ಲ. ಆದರೂ ಬೇಡ ಅನ್ನುವ ಮುಂಚೆ ಈ ಕಾಗದ ಓದು.

ನಟಿ ಲೀಲಾವತಿಯವರ ಲೆಕ್ಕ ಹಾಕಿ ನೋಡು. ಅವರು ಹುಟ್ಟಿದ್ದು 1937ರಲ್ಲಿ, ಬೆಳ್ತಂಗಡಿಯಲ್ಲಿ. ಕಲ್ಪನಾ ಹುಟ್ಟಿದ್ದು 1943ರಲ್ಲಿ. ಪುಟ್ಟಣ್ಣನವರ 'ಗೆಜ್ಜೆಪೂಜೆ' ಬಂದದ್ದು 1969ರಲ್ಲಿ. ಅದರಲ್ಲಿ ಕಲ್ಪನಾಗೆ ತಾಯಿ ಯಾರು? ಲೀಲಾವತಿ! ತಾಯಿ ಮಗಳ ನಡುವೆ ಐದಾರು ವರ್ಷ ಅಂತರ. ಅವರಿಗೂ ಆಗ ಹತ್ತಿರಹತ್ತಿರ ನಿನ್ನ ವಯಸ್ಸೇ. ನಿನಗೆ ನಾಲ್ಕು ವರ್ಷದ್ದು ಸಂಕಟ.

ಅದಕ್ಕೆ ಒಂಬತ್ತು ವರ್ಷ ಮುಂಚೆ, 1960ರಲ್ಲಿ, ಇದೇ ಲೀಲಾವತಿ 'ರಣಧೀರ ಕಂಠೀರವ'ದಲ್ಲಿ ರಾಜಕುಮಾರ್‌ಗೆ ನಾಯಕಿ. ಕೈಯಲ್ಲಿ ಕೆಲಸ ಇಲ್ಲದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಒಟ್ಟುಸೇರಿ ತೆಗೆದ ಚಿತ್ರ ಅದು. ಆಮೇಲೆ 'ರಾಣಿ ಹೊನ್ನಮ್ಮ', 'ಮನ ಮೆಚ್ಚಿದ ಮಡದಿ', 'ವೀರಕೇಸರಿ'. ಆ ಹೆಸರು ಕೇಳಿದರೆ ನನಗೆ ಈಗಲೂ ಟೆಂಟ್ ಸಿನಿಮಾದ ಮರಳಿನ ವಾಸನೆ ಬರುತ್ತೆ. ಇನ್ನೂ ನೋಡು: 1972ರ 'ನಾಗರಹಾವು'ವಿನಲ್ಲಿ ಅವರು ಚಾಮಯ್ಯ ಮೇಷ್ಟ್ರ ಹೆಂಡತಿ ತುಂಗಾ. ಮೇಷ್ಟ್ರು ಆಗಿದ್ದ ಅಶ್ವತ್ಥ್ ಲೀಲಾವತಿಯವರಿಗಿಂತ ಹನ್ನೆರಡು ವರ್ಷ ದೊಡ್ಡವರು. ಅತ್ತ ರಾಜಕುಮಾರ್ 2000ದ 'ಶಬ್ದವೇಧಿ'ವರೆಗೂ ನಾಯಕರೇ. ಈ ಅನ್ಯಾಯ ನಿನ್ನಿಂದ ಶುರುವಾದದ್ದಲ್ಲ ಪುಟ್ಟಿ. ನಟಿ ಪಂಢರಿಬಾಯಿಯವರದೂ ಇದೇ ಕಥೆ. 1952ರಲ್ಲಿ 'ಪರಾಶಕ್ತಿ'ಯಲ್ಲಿ ಶಿವಾಜಿ ಗಣೇಶನ್‌ಗೆ ನಾಯಕಿ, 1969ರ 'ದೈವಮಗನ್'ನಲ್ಲಿ ಅವರಿಗೇ ತಾಯಿ. ಶಿವಾಜಿಯವರು ಅದರಲ್ಲಿ ಮೂರು ಪಾರ್ಟು ಮಾಡಿದ್ದರಿಂದ ಅವರಿಗೇ ಹೆಂಡತಿ ಕೂಡ, ಬಿಡು!

ಇನ್ನು ನನ್ನದು ಕೇಳು. ನನಗಾಗ ಇಪ್ಪತ್ತಾರು. ನಾಟಕ ಕಂಪನಿಯಲ್ಲಿದ್ದೆ, ಜಾತ್ರೆ ಕ್ಯಾಂಪು. ತಾಯಿ ಪಾರ್ಟಿನವರಿಗೆ ಜ್ವರ ಬಂದು ಮಲಗಿದರು, ಮಾಲೀಕರು ನನ್ನನ್ನು ಕರೆದು ಇವತ್ತಿಂದ ನೀನೇ ಅಂದರು. ಮಗನ ಪಾರ್ಟು ಮಾಡುವವರಿಗೆ ನಲವತ್ತು ದಾಟಿತ್ತು. ಬಣ್ಣದ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ. ಅವರು ಕಿವಿಯ ಪಕ್ಕದ ಬಿಳಿಗೂದಲಿಗೆ ಕಾಡಿಗೆ ಬಳಿದು ಎದ್ದ ಮೇಲೆ, ಅದೇ ಸ್ಟೂಲ್ ಮೇಲೆ ನಾನು ಕೂತು ನನ್ನ ಕರಿಗೂದಲಿಗೆ ಬಿಳಿ ಬಳಿದುಕೊಂಡೆ. ನಗು ಬರಲಿಲ್ಲ ಆಗ. ಸ್ಟೇಜಿಗೆ ಹೋಗಿ ಬೆನ್ನು ಬಗ್ಗಿಸಿ, ದನಿ ನಡುಗಿಸಿ, ಸೆರಗಲ್ಲಿ ಕಣ್ಣೊರೆಸಿಕೊಂಡು, ಏನೇನು ಮಾಡಬಾರದೋ ಅಷ್ಟೂ ಮಾಡಿದೆ. ಜನ ಕೇಕೆ ಹಾಕಿದರು. ಆಟ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟ್ರು ಬೀಡಿ ಹಚ್ಚಿಕೊಳ್ಳುತ್ತಾ, "ನೀನು ಮುದುಕಿ ಪಾರ್ಟು ಮಾಡಿದೆಯಮ್ಮ, ಅವನ ತಾಯಿ ಪಾರ್ಟು ಇನ್ನೂ ಬಾಕಿ ಇದೆ" ಅಂದರು. ಆ ತಿಂಗಳು ತಾಯಿ ಪಾರ್ಟಿಗೆ ಸಂಬಳ ಕಮ್ಮಿ ಅಂತ ಮಾಲೀಕರು ದುಡ್ಡೂ ಮುರಿದರು, ಅದು ಬೇರೆ.

ನಿನಗೆ ನಾನು ಹೇಳಬೇಕೆಂದಿರೋದು ಇಷ್ಟೇ. ಹೀರೋನ ತಾಯಿ ಅಂತ ಒಪ್ಪಿಕೊಳ್ಳಬೇಡ. ಆ ಹೆಂಗಸು ಯಾರು ಅಂತ ಕೇಳಿ ಒಪ್ಪಿಕೋ. 'ಗೆಜ್ಜೆಪೂಜೆ'ಯ ಅಪರ್ಣ ಬರೀ ಕಲ್ಪನಾಳ ತಾಯಿಯೇನೆ? ಒಬ್ಬನನ್ನು ನಂಬಿ ಕೆಟ್ಟವಳು, ವೇಶ್ಯೆಯರ ಆ ಮನೆ ಬಿಟ್ಟು ಹೋಗಲಾರದವಳು, ಮಗಳಿಗಾದರೂ ಆ ಗೆಜ್ಜೆ ಬೇಡ ಅಂತ ಒಳಗೇ ಬೇಯುವವಳು. ಅವಳಿಗೆ ಅವಳದೇ ಒಂದು ಕಥೆ ಇದೆ. ಲೀಲಾವತಿ ಅದನ್ನು ಮಾಡಿದರು, ಆ ಪಾರ್ಟಿಗೆ ರಾಜ್ಯಪ್ರಶಸ್ತಿಯೂ ಬಂತು. ಮಹಾಲಿಂಗ ಭಾಗವತರ ನಾಟಕ ಕಂಪನಿಯಲ್ಲಿ ಪಳಗಿದವರು ಅವರು. ಸಿನಿಮಾಗೆ ಬಂದದ್ದೂ 1949ರ 'ನಾಗಕನ್ನಿಕಾ'ದಲ್ಲಿ ಒಂದು ಸಣ್ಣ ಪಾರ್ಟಿನಿಂದ. ಸಣ್ಣದು ದೊಡ್ಡದು ಅಂತ ಮುಖ ತಿರುಗಿಸಿದ್ದರೆ ಆರುನೂರು ಚಿತ್ರ ಆಗುತ್ತಿತ್ತೇ?

ಆದ್ದರಿಂದ ಧಾರಾವಾಹಿಯವರು ಫೋನ್ ಮಾಡಿದಾಗ ಅಳುಮುಖದಲ್ಲಿ ಮಾತಾಡಬೇಡ. ತಿಂಗಳಿಗೆ ಎಷ್ಟು ದಿನ ಕೆಲಸ, ದಿನಕ್ಕೆ ಎಷ್ಟು, ದುಡ್ಡು ಯಾವಾಗ ಕೈಗೆ ಬರುತ್ತೆ, ಮೂರನ್ನೂ ಕೇಳು. ಬಾಯಲ್ಲಿ ಹೇಳಿದರೆ ಸಾಲದು, ಬರೆಸಿಕೋ. ಆ ತಾಯಿಗೆ ಅಡುಗೆಮನೆ, ದೇವರಮನೆ ಬಿಟ್ಟು ಬೇರೆ ಕಡೆ ಸೀನ್ ಇದೆಯೇ, ಗಂಡನ ಹತ್ತಿರ ಜಗಳ ಆಡುತ್ತಾಳೆಯೇ, ಅದನ್ನೂ ಕೇಳು. ಏನೂ ಇಲ್ಲ, ಆರತಿ ತಟ್ಟೆ ಹಿಡಿದು ನಿಲ್ಲೋದಷ್ಟೇ ಅಂದರೆ ಆಗ ಬೇಡ ಅನ್ನು, ನಾನೇ ನಿಮ್ಮಮ್ಮನ ಪಕ್ಷ.

ದುಡ್ಡಿನ ಮಾತು ಬಂತು, ಅದನ್ನೂ ಹೇಳಿಬಿಡ್ತೀನಿ. ಲೀಲಾವತಿಯವರ ಬಗ್ಗೆ ಜನ ಜೀವಮಾನವಿಡೀ ಬೇಕಾದ್ದು ಬೇಡದ್ದು ಆಡಿಕೊಂಡರು. ಅವರು ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ಮಗನ ಜೊತೆ ಇದ್ದರು. ಚೆನ್ನೈನಲ್ಲಿದ್ದ ಆಸ್ತಿ ಮಾರಿ ಆ ಊರಿಗೊಂದು ಆಸ್ಪತ್ರೆ ಕಟ್ಟಿಸಿದರು. ದನಕರುಗಳಿಗೂ ಒಂದು ಕಟ್ಟಿಸಿದರು, ಅದು ಶುರುವಾದದ್ದು ಅವರು ತೀರಿಕೊಳ್ಳುವ ಕೆಲವೇ ದಿನ ಮುಂಚೆ. 2023ರ ಡಿಸೆಂಬರ್ 8ರಂದು ಹೋದರು, ಮಣ್ಣು ಮಾಡಿದ್ದೂ ಅದೇ ತೋಟದಲ್ಲಿ. ಟಿವಿಯಲ್ಲಿ ನೋಡುತ್ತಾ ನಾನು ಅತ್ತುಬಿಟ್ಟೆ. ಆ ಆಸ್ಪತ್ರೆಯ ಒಂದೊಂದು ಇಟ್ಟಿಗೆಗೂ ಎಷ್ಟು ತಾಯಿ ಪಾರ್ಟು, ಎಷ್ಟು ಅತ್ತೆ ಪಾರ್ಟು ಸೇರಿವೆಯೋ ಅಂತ ಅನ್ನಿಸಿತು. ನೀನು ಆಸ್ಪತ್ರೆಯೇನೂ ಕಟ್ಟಬೇಡ ಮಾರಾಯ್ತಿ, ಮೊದಲು ಆ ಸ್ಕೂಟರ್ ಸಾಲ ತೀರಿಸು.

ಒಪ್ಪಿಕೊಂಡರೆ ಬರುವ ಭಾನುವಾರ ಸೀನ್ ಕಾಗದ ತಗೊಂಡು ಇಲ್ಲಿಗೆ ಬಾ, ಕೂತು ಓದೋಣ. ಮೇಕಪ್‌ನವರು ತಲೆತುಂಬ ಬಿಳಿ ಬಳಿಯೋಕೆ ಬಂದರೆ ಕಿವಿಯ ಪಕ್ಕ ಎರಡು ಗೆರೆ ಸಾಕು ಅನ್ನು. ಕಾಸ್ಟ್ಯೂಮಿನವರು ಕೊಡುವ ಗರಿಗರಿ ಸೀರೆ ಬೇಡ. ನಿಮ್ಮಜ್ಜಿಯದು ಎರಡು ಹತ್ತಿ ಸೀರೆ ಟ್ರಂಕಿನಲ್ಲಿ ಇಟ್ಟಿದ್ದೀನಿ, ಒಗೆದು ಒಗೆದು ಬೆಣ್ಣೆಯಂತಾಗಿವೆ, ಒಂದರ ಸೆರಗಿನ ತುದಿಯಲ್ಲಿ ಅರಿಶಿನದ ಕಲೆ ಇನ್ನೂ ಹೋಗಿಲ್ಲ. ಬಿಸಿಲಿಗೆ ಹಾಕಿ ತೆಗೆದಿಟ್ಟಿರ್ತೀನಿ.

ಇಂತಿ ನಿನ್ನ ಪ್ರೀತಿಯ,
ಅತ್ತೆ