ಯುವ ಎಂಜಿನಿಯರುಗಳ ತರಬೇತಿ ಘಟಕಕ್ಕಾಗಿ ದೇಣಿಗೆ ಮನವಿ

ಮಾನ್ಯರೇ,

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಕೊಡಗಿನಲ್ಲಿ ತೋಟದ ವಿದ್ಯೆಗೆ ಕೊರತೆಯಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವೇ ಇದೆ. ಆದರೆ ಹಣ್ಣು ಕೊಯ್ದ ಮೇಲಿನ ಕೆಲಸಗಳಾದ ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು), ಒಣಗಿಸುವಿಕೆ, ಹಲ್ಲಿಂಗ್ (ಒಣಗಿದ ಹೊಟ್ಟು ಬಿಡಿಸುವುದು), ಗ್ರೇಡಿಂಗ್ (ಬೀಜವನ್ನು ದರ್ಜೆವಾರು ವಿಂಗಡಿಸುವುದು) ಬಲ್ಲ ಎಂಜಿನಿಯರುಗಳನ್ನು ತಯಾರು ಮಾಡುವತ್ತ ನಾವು ಅಷ್ಟಾಗಿ ಗಮನ ಕೊಟ್ಟಿಲ್ಲ. ಪೊನ್ನಂಪೇಟೆ, ಕುಶಾಲನಗರದ ಕಾಲೇಜುಗಳಲ್ಲಿ ಓದಿದ ಅನೇಕರು ಪದವಿ ಮುಗಿಯುತ್ತಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಒಣಗಿದ ಕಾಫಿಯನ್ನು ಮಾರಾಟಕ್ಕೆ ಸಿದ್ಧಪಡಿಸುವ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸ್‌ಗಳ ಒಳಗೆ ಏನು ನಡೆಯುತ್ತದೆಂದು ನೋಡುವ ಅವಕಾಶವೂ ಅವರಿಗೆ ಸಿಕ್ಕಿರುವುದಿಲ್ಲ.

ಕಣದಲ್ಲಿ ಹರಡಿದ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣನ್ನು, ಒಂದು ಮುಷ್ಟಿ ಎತ್ತಿ ಅಲುಗಾಡಿಸಿ, ಗಲಗಲ ಸದ್ದು ಬಂದರೆ ಒಣಗಿತೆನ್ನುವುದು ಹಿರಿಯರ ಕ್ರಮ. ಪಳಗಿದ ಕಿವಿ ಮೋಸಹೋಗುವುದು ಅಪರೂಪವೇ. ಆದರೂ ರೊಬಸ್ಟಾ ಚೆರಿಯ ತೇವಾಂಶ ಶೇ. 11ಕ್ಕೆ, ಪಾರ್ಚ್‌ಮೆಂಟಿನದು (ಪಲ್ಪಿಂಗ್ ಮಾಡಿ ತೆಳು ಹೊಟ್ಟಿನೊಂದಿಗೆ ಒಣಗಿಸಿದ ಬೀಜ) ಶೇ. 10ರ ಆಸುಪಾಸಿಗೆ ಇಳಿಯಬೇಕು. ಹೆಚ್ಚಿದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ತೀರಾ ಒಣಗಿದರೆ ಹಲ್ಲರಿನಲ್ಲಿ ಬೀಜ ಒಡೆಯುತ್ತದೆ. 50 ಕೆ.ಜಿ. ಚೆರಿಯಿಂದ ಎಷ್ಟು ಕೆ.ಜಿ. ಬೀಜ ಬಂತೆಂಬ ಔಟ್‌ಟರ್ನ್ ನೋಡಿ ದರ ಕಟ್ಟುವ ನಮ್ಮ ಮಾರುಕಟ್ಟೆಯಲ್ಲಿ ಇದರ ಬೆಲೆ ಏನೆಂದು ಬೆಳೆಗಾರರಿಗೆ ಹೇಳಬೇಕಾಗಿಲ್ಲ. ತೇವಾಂಶ, ಡ್ರೈಯರಿನ ಉಷ್ಣಾಂಶ, ಮೋಟಾರು ಎಳೆದ ವಿದ್ಯುತ್ತು, ಒಡೆದ ಬೀಜದ ಪ್ರಮಾಣ, ಇವನ್ನೆಲ್ಲ ಕಾಫಿಯ ಪ್ರತಿ ಕಂತಿಗೂ ದಾಖಲಿಸಿ, ಹೋಲಿಸಿ ನೋಡಿ, ಯಂತ್ರದಲ್ಲಿ ಏನನ್ನು ಸರಿಪಡಿಸಬೇಕೆಂದು ಹೇಳಬಲ್ಲ ಯುವಕ ಯುವತಿಯರು ನಮಗೆ ಬೇಕಾಗಿದ್ದಾರೆ.

ನೀರಿನ ವಿಚಾರ ಇನ್ನೂ ಗಂಭೀರವಾದುದು. ಪಲ್ಪಿಂಗ್‌ನ ಹುಳಿನೀರು ತೋಡಿಗೆ ಸೇರಿದರೆ ಅಲ್ಲಿನ ಆಮ್ಲಜನಕ ಕುಗ್ಗುತ್ತದೆ, ನಮ್ಮ ತೋಡುಗಳಲ್ಲಿ ಹೆಚ್ಚಿನವು ಕೊನೆಗೆ ಸೇರುವುದು ಕಾವೇರಿಯನ್ನೇ. ಒಂದು ಕೆ.ಜಿ. ಹಣ್ಣಿಗೆ ಎಷ್ಟು ಲೀಟರ್ ಖರ್ಚಾಯಿತೆಂದು ಅಳೆಯದೆ ನೀರುಳಿತಾಯದ ಮಾತಾಡುವುದು ಬರಿಯ ಭಾಷಣ. ಇದರ ಜೊತೆಗೆ, 2023ರಲ್ಲಿ ಐರೋಪ್ಯ ಒಕ್ಕೂಟ ತಂದ ಅರಣ್ಯನಾಶ ತಡೆ ನಿಯಮವು ಕಾಫಿ ಬೆಳೆದ ಜಮೀನಿನ ಭೌಗೋಳಿಕ ಗುರುತನ್ನೂ ಕೇಳುವುದರಿಂದ, ತೋಟದಿಂದ ಚೀಲದವರೆಗಿನ ದಾಖಲೆಯನ್ನು ಕಾಯ್ದುಕೊಳ್ಳುವುದೂ ಸಂಸ್ಕರಣೆಯ ಭಾಗವೇ ಆಗುತ್ತಿದೆ.

ಈ ಕಾರಣಗಳಿಂದ ನಮ್ಮ ಟ್ರಸ್ಟ್ ಕುಶಾಲನಗರದಲ್ಲಿ ಚಿಕ್ಕದಾದರೂ ನಿಜವಾಗಿ ಓಡುವ ಸಂಸ್ಕರಣಾ ಘಟಕವೊಂದನ್ನು ಸ್ಥಾಪಿಸಿ, ಕೊಯ್ಲಿನ ತಿಂಗಳುಗಳಲ್ಲಿ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಉಚಿತ ತರಬೇತಿ ನೀಡಲು ನಿಶ್ಚಯಿಸಿದೆ. ಪಲ್ಪರ್, ಡ್ರೈಯರ್, ಹಲ್ಲರ್‌ಗಳ ಜೊತೆಗೆ ತೇವಾಂಶ ಮಾಪಕ, ನೀರಿನ ಮೀಟರ್, ಪ್ರತಿ ಮೋಟಾರಿಗೂ ಪ್ರತ್ಯೇಕ ವಿದ್ಯುತ್ ಮೀಟರ್, ಸೆನ್ಸರ್‌ಗಳು ಮತ್ತು ಕೆಲವು ಕಂಪ್ಯೂಟರ್‌ಗಳು ಬೇಕಾಗಿವೆ. ಕಂಪ್ಯೂಟರ್ ಕೊಠಡಿಯೊಂದನ್ನು ಕಟ್ಟಿಸಿ ನಾಮಫಲಕ ಹಾಕುವುದು ಇದಕ್ಕಿಂತ ಸುಲಭವಿತ್ತು. ಆದರೆ ಎಲ್ಲಿಂದಲೋ ತಂದ ಅಂಕಿಗಳ ಮೇಲೆ ಕಲಿತವರಿಗೆ ಬೇರಿಂಗ್ ಸವೆದ ಹಲ್ಲರಿನ ಮುಂದೆ ನಿಂತಾಗ ಏನೂ ತೋಚುವುದಿಲ್ಲ.

ಬೆಳೆಗಾರರು, ಕ್ಯೂರಿಂಗ್ ಮಾಲೀಕರು ಹಾಗೂ ಹೊರ ಊರುಗಳಲ್ಲಿ ನೆಲೆಸಿರುವ ಕೊಡಗಿನ ಬಂಧುಗಳು ಯಥಾಶಕ್ತಿ ನೆರವಾಗಬೇಕೆಂದು ವಿನಂತಿಸುತ್ತೇವೆ. ಹಣವನ್ನೇ ಕೊಡಬೇಕೆಂದಿಲ್ಲ. ಶೆಡ್ಡಿನಲ್ಲಿ ಸುಮ್ಮನೆ ಬಿದ್ದಿರುವ ಹಳೆಯ ಪಲ್ಪರ್ ಅಥವಾ ಮೋಟಾರು, ಕಲಿಕೆಗಾಗಿ ನಾಲ್ಕು ಚೀಲ ಚೆರಿ, ನಿವೃತ್ತ ಎಂಜಿನಿಯರುಗಳ ವಾರದ ಒಂದು ದಿನ, ಇವೂ ನಮಗೆ ದೇಣಿಗೆಯೇ. ಯಂತ್ರಗಳನ್ನು ನಾವೇ ಬಂದು ಸಾಗಿಸಿಕೊಳ್ಳುತ್ತೇವೆ. ಹಣವನ್ನು ಟ್ರಸ್ಟಿನ ಹೆಸರಿಗೆ ಚೆಕ್ ಅಥವಾ ಡಿ.ಡಿ. ಮೂಲಕ ಸಲ್ಲಿಸಬಹುದು, ಪ್ರತಿಯೊಂದು ದೇಣಿಗೆಗೂ ರಸೀದಿ ನೀಡಲಾಗುವುದು, ಖರ್ಚಿನ ಲೆಕ್ಕವನ್ನು ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಮಳೆಗಾಲ ಮುಗಿಯುವುದರೊಳಗೆ ಯಂತ್ರಗಳನ್ನು ಕೂರಿಸಿದರೆ ಮಾತ್ರ ನವೆಂಬರಿನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ಮೊದಲ ತಂಡದ ತರಬೇತಿ ಆರಂಭಿಸಲು ಸಾಧ್ಯವಾದ್ದರಿಂದ, ಆಗಸ್ಟ್ ಕೊನೆಯೊಳಗೆ ತಮ್ಮ ನಿರ್ಧಾರವನ್ನು ತಿಳಿಸಬೇಕಾಗಿ ಕೋರುತ್ತೇವೆ.

ಇತಿ,
ಟ್ರಸ್ಟಿನ ಆಡಳಿತ ಮಂಡಳಿ, ಕುಶಾಲನಗರ