ಕೋವಿಯ ಹಳೇ ರಬ್ಬರ್ ಕಿತ್ತೆಸೆಯುವ ಮುನ್ನ

ಮಾನ್ಯ ಸಂಪಾದಕರೇ,

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಹೊರಗೆ ಬರುತ್ತವೆ. ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಮೊದಲು ಒಳಗೆಲ್ಲ ಒರೆಸಿ ಎಣ್ಣೆ ಕಾಣಿಸುತ್ತಾರೆ, ಹಿಡಿಗೆ ಪಾಲಿಶ್ ಹಚ್ಚುತ್ತಾರೆ. ಹಿಂದೆ ಭುಜಕ್ಕೆ ಒತ್ತುವ ರಬ್ಬರ್ ಪ್ಯಾಡ್ ಬಿರುಕುಬಿಟ್ಟಿದ್ದರೆ ಅದನ್ನು ಕಿತ್ತು ಹೊಸದು ಹಾಕಿಸುವುದೂ ಇದೇ ಹೊತ್ತಿಗೆ. ಇತ್ತೀಚಿನ ಕೋವಿಯಾದರೆ ಚಿಂತೆಯಿಲ್ಲ. ಬ್ರಿಟಿಷರ ಕಾಲದಿಂದ ಉಳಿದುಬಂದ ಇಂಗ್ಲಿಷ್ ಜೋಡು ನಳಿಗೆ ಕೋವಿಯಾದರೆ ಆ ರಬ್ಬರ್ ಕೋವಿ ತಯಾರಾದಾಗಲೇ ಕೂರಿಸಿದ್ದೋ, ನಡುವೆ ಯಾರೋ ಹಾಕಿಸಿದ್ದೋ ಎಂದು ಹೇಳಬಲ್ಲ ಗುರುತುಗಳೆಲ್ಲ ಉಜ್ಜು ಕಾಗದದ ಪುಡಿಯೊಂದಿಗೆ ಹೋಗಿಬಿಡುತ್ತವೆ. ಇನ್ನೊಂದೆಡೆ, ಹಳೇ ಕೆಂಪು ರಬ್ಬರ್ ಕಂಡ ಕೂಡಲೇ ‘ಕಂಪನಿ ರಬ್ಬರ್’ ಎಂದು ಬೆಲೆ ಏರಿಸಿ ಮಾರುವವರೂ ಇದ್ದಾರೆ. ಎರಡೂ ತಪ್ಪಿಗೆ ಕಾರಣ ಒಂದೇ: ಎಲ್ಲರೂ ರಬ್ಬರ್ ನೋಡುತ್ತಾರೆ, ಅದರ ಹಿಂದಿನ ಮರವನ್ನು ನೋಡುವವರಿಲ್ಲ.

ಇಂಗ್ಲೆಂಡಿನ ಹಗುರ ಶಿಕಾರಿ ಕೋವಿಗಳಿಗೆ ಸಾಮಾನ್ಯವಾಗಿ ಪ್ಯಾಡೇ ಇರುತ್ತಿರಲಿಲ್ಲ. ಬಟ್‌ನ, ಅಂದರೆ ಭುಜಕ್ಕೆ ಒತ್ತುವ ಹಿಡಿಯ ಹಿಂತುದಿಯ, ಮುಖ ಬರೀ ವಾಲ್ನಟ್ ಮರ. ಭುಜದ ಮೇಲೆ ಜಾರದಿರಲೆಂದು ಅದರ ಮೇಲೆ ವಜ್ರಾಕಾರದ ಸಣ್ಣ ಗೀರುಗಳ ಕೆತ್ತನೆ. ಕೆಲವಕ್ಕೆ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಮಾತ್ರ ಕೊಂಬಿನ ಅಥವಾ ಉಕ್ಕಿನ ತುಂಡು. ಹಾಗಾಗಿ ಇಂಥ 12 ಬೋರ್ ಕೋವಿಯಲ್ಲಿ ಪ್ಯಾಡ್ ಕಂಡರೆ ಅದು ಆಮೇಲೆ ಬಂದದ್ದು ಎಂದೇ ಹಿಡಿದು ಪರೀಕ್ಷೆ ಶುರುಮಾಡಬೇಕು. ನಳಿಗೆ ಇನ್ನೂ ಅಗಲವಾಗಿದ್ದು (ಬೋರ್ ಅಂಕಿ ಚಿಕ್ಕದಾದಷ್ಟು ನಳಿಗೆ ಅಗಲ) ಒದೆತ ಜೋರಾಗಿರುವ 8 ಬೋರ್, 10 ಬೋರ್ ಕೋವಿಗಳ ಮಾತು ಬೇರೆ. ಹಾಲೆಂಡ್ ಅಂಡ್ ಹಾಲೆಂಡ್‌ನವರ ಪ್ಯಾರಡಾಕ್ಸ್ ಕೋವಿಯದೂ ಹಾಗೆಯೇ. ನಳಿಗೆಯ ಕೊನೆಯಲ್ಲಷ್ಟೇ ಸುರುಳಿ ಗೀರು ಇದ್ದು, ಚರೆಯನ್ನೂ (ಸೀಸದ ಸಣ್ಣ ಕಾಳು) ಒಂಟಿ ಗುಂಡನ್ನೂ ಹೊಡೆಯುವ ಈ ವಿನ್ಯಾಸಕ್ಕೆ ಫಾಸ್ಬರಿ ಎಂಬವರು ಪೇಟೆಂಟ್ ಪಡೆದದ್ದು 1885ರಲ್ಲಿ; ಭಾರತದ ಕಾಡುಗಳಲ್ಲಿ ಬೇಟೆಯಾಡುತ್ತಿದ್ದವರಿಗೆ ಅಚ್ಚುಮೆಚ್ಚಾಗಿತ್ತು. ಇಂಥವನ್ನು ಗಿರಾಕಿಗಳು ಪ್ಯಾಡ್ ಸಮೇತವೇ ಹೇಳಿ ಮಾಡಿಸಿಕೊಂಡದ್ದುಂಟು.

ಮೊದಲು ಟೇಪು ಹಿಡಿಯಿರಿ. ಕೋವಿ ಖಾಲಿಯಿದೆಯೆಂದು ಎರಡು ಸಲ ನೋಡಿ, ನಳಿಗೆ ಬಿಚ್ಚಿಟ್ಟು, ಮುಂದಿನ ಟ್ರಿಗರಿನ ನಡುವಿನಿಂದ ಬಟ್‌ನ ನಡುವಿಗೆ ಅಳೆಯಬೇಕು. ಮರ ಮುಗಿಯುವಲ್ಲಿಗೆ ಒಂದು ಅಳತೆ, ಪ್ಯಾಡ್ ಸೇರಿಸಿ ಇನ್ನೊಂದು. ಹಳೇ ಇಂಗ್ಲಿಷ್ ಕೋವಿಗಳ ಉದ್ದ ಹೆಚ್ಚಾಗಿ 14¼ರಿಂದ 14¾ ಇಂಚು, ಪ್ಯಾಡ್‌ನ ದಪ್ಪ ಮುಕ್ಕಾಲರಿಂದ ಒಂದು ಇಂಚು. ಮರವೊಂದೇ 14½ ಇಂಚು ಇದ್ದು ಅದರ ಮೇಲೆ ಒಂದಿಂಚು ಪ್ಯಾಡ್ ಕೂತಿದ್ದರೆ, ಉದ್ದ ಕೈಯವರೊಬ್ಬರು ಆಮೇಲೆ ಸೇರಿಸಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಿಚ್ಚಿದಾಗ ಕೆಳಗೆ ಹಳೇ ಗೀರು ಕೆತ್ತನೆ ಹಾಗೇ ಸಿಕ್ಕರೆ ಅಲ್ಲಿಗೆ ಪ್ರಶ್ನೆ ಮುಗಿಯಿತು. ಮರ 13½, ಪ್ಯಾಡ್ 1 ಸೇರಿ 14½ ಬಂದರೆ ಮಾತ್ರ ಕಷ್ಟ. ಕಾರ್ಖಾನೆಯಲ್ಲೇ ಪ್ಯಾಡ್‌ಗೆಂದು ಮರವನ್ನು ಗಿಡ್ಡ ಮಾಡಿದ್ದರೂ ಲೆಕ್ಕ ಅಷ್ಟೇ, ಆಮೇಲೆ ಗರಗಸ ಹಾಕಿದ್ದರೂ ಅಷ್ಟೇ.

ಆಗ ಹಿಡಿಯ ಆಕಾರ ನೋಡಬೇಕು. ಹಿಡಿ ಹಿಂದಕ್ಕೆ ಹೋದಂತೆ ಕೆಳಮುಖವಾಗಿ ಅಗಲವಾಗುತ್ತದೆ, ಮೇಲಂಚು ಇಳಿಯುತ್ತದೆ. ಒಂದಿಂಚು ಕತ್ತರಿಸಿದರೆ ಬಟ್‌ನ ಎತ್ತರವೂ ಕಡಿಮೆಯಾಗುತ್ತದೆ, ಮೇಲ್ತುದಿಯ ಇಳಿತವೂ ಕಡಿಮೆಯಾಗುತ್ತದೆ. ಇಳಿತ ಅಳೆಯಲು ನಳಿಗೆ ಮತ್ತೆ ಜೋಡಿಸಿ, ಅವುಗಳ ನಡುವಿನ ಪಟ್ಟಿಯ ಮೇಲೆ ನೇರವಾದ ಉದ್ದ ಪಟ್ಟಿಯಿಟ್ಟು, ಹಿಂದಕ್ಕೆ ಚಾಚಿದ ತುದಿಯಿಂದ ಬಟ್‌ನ ಮೇಲ್ತುದಿಗೆ ಅಳೆಯಬೇಕು. ಇಂಗ್ಲಿಷ್ ಕೋವಿಗಳಲ್ಲಿ 2ರಿಂದ 2¼ ಇಂಚು ಸಾಮಾನ್ಯ. ಹಿಡಿಯ ಹೊಟ್ಟೆಯಲ್ಲಿ ಮಾಲೀಕರ ಹೆಸರಿನ ಮೊದಲಕ್ಷರ ಕೆತ್ತಲು ಕೂರಿಸಿದ ಬೆಳ್ಳಿ ಅಥವಾ ಹಿತ್ತಾಳೆಯ ಪುಟ್ಟ ಅಂಡಾಕಾರದ ತಗಡು ಇರುತ್ತದೆ. ಅದು, ಅಥವಾ ಹೆಗಲಿಗೆ ಹಾಕುವ ಪಟ್ಟಿ ಸಿಕ್ಕಿಸುವ ಬಳೆ, ಕೆಳತುದಿಗೆ ತೀರಾ ಒತ್ತಿಕೊಂಡಂತೆ ಕಂಡರೆ ಮರ ಕಡಿಮೆಯಾಗಿದೆ ಎಂದರ್ಥ.

ಪ್ಯಾಡ್ ಬಿಚ್ಚುವಾಗಲೇ ಹೆಚ್ಚಿನ ಅನಾಹುತ. ಸ್ಕ್ರೂ ಕಾಣುವುದಿಲ್ಲವೆಂದು ಅಂಚಿಗೆ ಚಾಕು ತೂರಿಸಿ ಎಬ್ಬಿಸಿದರೆ ಕೆಳತುದಿಯ ಮರ ಚಕ್ಕೆಯೆದ್ದು ಬರುತ್ತದೆ, ಏಕೆಂದರೆ ಅಲ್ಲಿ ಮರದ ಎಳೆ ಅಡ್ಡ ಹಾದು ಅಂಚಿನಲ್ಲೇ ಮುಗಿಯುತ್ತದೆ. ಸಾಮಾನ್ಯ ಪ್ಯಾಡ್‌ನ ಮುಖದಲ್ಲಿ ಮೇಲೊಂದು ಕೆಳಗೊಂದು ಸಣ್ಣ ಸೀಳು ಇರುತ್ತದೆ, ಸ್ಕ್ರೂ ಅದರೊಳಗೆ. ಹಿಡಿಯಿಂದ ತುದಿಯವರೆಗೆ ದುಂಡಗಿರುವ ಸ್ಕ್ರೂಡ್ರೈವರಿಗೆ ಸೋಪಿನ ನೀರು ಸವರಿ, ತಿರುಗಿಸುತ್ತಾ ಒಳಗಿಳಿಸಬೇಕು. ಚೌಕ ಕಡ್ಡಿಯದು ಬಳಸಿದರೆ ಹಳೇ ರಬ್ಬರಿನ ಸೀಳು ಹರಿದುಹೋಗುತ್ತದೆ. ಸಿಲ್ವರ್ಸ್ ಎಂಬ ಹಳೇ ಇಂಗ್ಲಿಷ್ ಪ್ಯಾಡ್‌ನಲ್ಲಿ ಸೀಳಿಲ್ಲ, ದುಂಡನೆಯ ರಬ್ಬರ್ ಬಿರಡೆ ಸ್ಕ್ರೂವನ್ನು ಮುಚ್ಚಿರುತ್ತದೆ; ಸೂಜಿ ಚುಚ್ಚಿ ನಿಧಾನ ಹೊರಗೆಳೆಯಬೇಕು, ಬಿರಡೆಯನ್ನು ಕಳೆಯಬಾರದು. ನಮ್ಮ ಮಳೆಗಾಲ ಕಂಡ ಸ್ಕ್ರೂ ತುಕ್ಕಿಗೆ ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ. ಬೆಸುಗೆ ಹಾಕುವ ಕಬ್ಬಿಣದ ಮೊನೆಯನ್ನು ರಬ್ಬರಿಗೆ ತಾಗದಂತೆ ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಇಟ್ಟು, ಆರಲು ಬಿಟ್ಟು, ಆಮೇಲೆ ತಿರುಗಿಸಿದರೆ ಹೆಚ್ಚಾಗಿ ಸಡಿಲುತ್ತದೆ. ಚರ್ಮ ಹೊದಿಸಿದ ಪ್ಯಾಡ್ ಆದರೆ ನೀವೇ ಕೈ ಹಾಕದಿರುವುದು ಒಳ್ಳೆಯದು. ಅದನ್ನು ಕೆಲವೊಮ್ಮೆ ಸ್ಕ್ರೂ ಇಲ್ಲದೆ ಗೂಟಗಳ ಮೇಲೆ ಕೂರಿಸಿರುತ್ತಾರೆ, ಸ್ಕ್ರೂ ಹುಡುಕುತ್ತಾ ಚರ್ಮ ತೂತು ಮಾಡಿದರೆ ಸರಿಪಡಿಸಲಾಗದು. ಅದನ್ನು ಬಿಚ್ಚದೆಯೇ ಬೆರಳಾಡಿಸಿ ನೋಡಬಹುದು: ಒಳ್ಳೆಯ ಕಾರ್ಖಾನೆ ಕೆಲಸದಲ್ಲಿ ಚರ್ಮದ ದಪ್ಪದಷ್ಟು ಒಳಗಿನ ರಬ್ಬರನ್ನು ಸಣ್ಣ ಮಾಡಿರುವುದರಿಂದ ಚರ್ಮವೂ ಮರವೂ ಒಂದೇ ಮಟ್ಟಕ್ಕಿರುತ್ತವೆ.

ಪ್ಯಾಡ್ ಹೊರಬಂದ ಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ಮರದ ಮುಖ ನೋಡಿ. ನೂರು ವರ್ಷದ ಹಿಂದೆ ಮುಚ್ಚಿದ ಮುಖ ಕಪ್ಪಗೆ, ಒಂದೇ ಸಮ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಕತ್ತರಿಸಿದ ಮುಖ ತಿಳಿ ಬಣ್ಣದ್ದು, ಗರಗಸದ ಬಾಗಿದ ಗೆರೆಗಳು ಇನ್ನೂ ಕಾಣುತ್ತವೆ. ಆದರೆ ಬಣ್ಣವೊಂದನ್ನೇ ನಂಬಬೇಡಿ. ನಳಿಗೆಯಿಂದ ಇಳಿದ ಎಣ್ಣೆ ಹೀರಿಕೊಂಡ ಮರ ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ. ತೂತುಗಳ ಲೆಕ್ಕ ಅದಕ್ಕಿಂತ ಗಟ್ಟಿ ಸಾಕ್ಷಿ. ಎರಡೇ ತೂತು, ಪ್ಯಾಡ್‌ನ ಸ್ಕ್ರೂಗಳೊಂದಿಗೆ ಸರಿಯಾಗಿ ಕೂಡುತ್ತಿದ್ದರೆ ಒಳ್ಳೆಯ ಲಕ್ಷಣ. ನಾಲ್ಕು ತೂತು, ಅಥವಾ ಮರದ ಬೆಣೆ ಹೊಡೆದು ಮುಚ್ಚಿದ ಹಳೇ ತೂತು ಇದ್ದರೆ, ಮೊದಲು ಬೇರೇನೋ ಇತ್ತು. ತೂಕ ಸರಿದೂಗಿಸಲು ಕೊರೆದ ದೊಡ್ಡ ತೂತನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅದು ಮುಖದ ನಡುವೆ ಇರುತ್ತದೆ, ಬೆರಳು ಹೋಗುವಷ್ಟು ಅಗಲ, ಬಾಯಿಗೆ ಮರದ ಮುಚ್ಚಳ. ಪ್ಯಾಡ್‌ನ ಹಿಂದೆ ಫೆವಿಕಾಲ್‌ನ ಬಿಳಿ ಪೊರೆಯೋ ಅರಾಲ್ಡೈಟ್‌ನ ಗಾಜಿನಂಥ ಹಳದಿ ಹನಿಯೋ ಕಂಡರೆ ಹೆಚ್ಚಿಗೆ ಹುಡುಕುವುದೇ ಬೇಡ. ಸ್ಕ್ರೂ ತಲೆಯಲ್ಲಿ ಕೂಡಿಸುವ ಗುರುತಿನ (+) ಆಕಾರದ ಸೀಳಿದ್ದರೂ ಹಾಗೆಯೇ: ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದ ಎರಡನೇ ಅರ್ಧದಲ್ಲಿ. 1910ರ ಕೋವಿಯಲ್ಲಿ ಅದಿದ್ದರೆ ಯಾರೋ ಒಮ್ಮೆಯಾದರೂ ಬಿಚ್ಚಿ ಹಾಕಿದ್ದಾರೆ.

ಕೋವಿಯ ಕಾಲ ಗೊತ್ತಿಲ್ಲದಿದ್ದರೆ ನಳಿಗೆಯ ಅಡಿಭಾಗದ ಪರೀಕ್ಷಾ ಮುದ್ರೆ (ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತು) ನೋಡಿ. ಗುಂಡು ಹೊಡೆಯಕೂಡದೆಂದು ಹೇಳುವ ‘ನಾಟ್ ಫಾರ್ ಬಾಲ್’ ಮುದ್ರೆ 1875ರಿಂದ 1887ರವರೆಗಿನದು. ಕಿರೀಟದ ಕೆಳಗೆ ಬಿಎನ್‌ಪಿ ಎಂಬ ಬರ್ಮಿಂಗ್‌ಹ್ಯಾಮ್ ಮುದ್ರೆ 1954ರ ನಂತರದ್ದು. ಹಳೇ ಕೋವಿಯಲ್ಲಿ ಅದು ಕಂಡರೆ ಮರುಪರೀಕ್ಷೆ ಆಗಿದೆಯೆಂದರ್ಥ, ಆ ಹೊತ್ತಿಗೆ ಹಿಡಿಯನ್ನೂ ರಿಪೇರಿ ಮಾಡಿಸಿರಬಹುದು.

ಇನ್ನು ರಬ್ಬರಿನ ಮಾತು. ಇಂಗ್ಲಿಷ್ ಪ್ಯಾಡ್‌ಗಳಲ್ಲಿ ಹೆಸರುವಾಸಿಯಾದ ಸಿಲ್ವರ್ಸ್, ಲಂಡನ್ನಿನ ಎಸ್.ಡಬ್ಲ್ಯು. ಸಿಲ್ವರ್ ಕಂಪನಿಯದು. ಅವರ ರಬ್ಬರ್ ಕಾರ್ಖಾನೆಯಿಂದಲೇ ಲಂಡನ್ನಿನ ಪೂರ್ವಭಾಗದ ಸಿಲ್ವರ್‌ಟೌನ್‌ಗೆ ಆ ಹೆಸರು ಬಂತು. ಕೆಂಪು ಕಿತ್ತಳೆ ಬಣ್ಣ, ಪಕ್ಕದಲ್ಲಿ ಕಿಂಡಿಗಳಿಲ್ಲದ ಘನ ರಬ್ಬರ್. ಆದರೆ ಈ ಹೆಸರಿನ ನಕಲನ್ನು ಇಂದಿಗೂ ಹಳೇ ಮಾದರಿಯಲ್ಲೇ ಅಚ್ಚು ಹಾಕಿ ಮಾರುತ್ತಾರೆ. ಹಾಗಾಗಿ ಹೆಸರು ಪುರಾವೆಯಲ್ಲ. ಹಳೇ ನೈಸರ್ಗಿಕ ರಬ್ಬರ್ ಉಗುರು ಒತ್ತಿದರೆ ಬಗ್ಗದಷ್ಟು ಗಟ್ಟಿಯಾಗಿರುತ್ತದೆ, ಇಲ್ಲವೇ ಎಣ್ಣೆ ಕುಡಿದು ಜಿಗುಟಾಗಿರುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಜಾಲ, ಕೆಳತುದಿ ಸವೆದು ದುಂಡಗಾಗಿರುತ್ತದೆ. ನಕಲು ಒತ್ತಿದರೆ ಒಳಹೋಗಿ ಮೇಲೇಳುತ್ತದೆ, ಅಕ್ಷರಗಳ ಅಂಚು ಚೂಪು. ರಬ್ಬರಿಗೂ ಮರಕ್ಕೂ ನಡುವೆ ಬಿಳಿ ಪ್ಲಾಸ್ಟಿಕ್ ಗೆರೆಯಿದ್ದರೆ ಅದು ಎರಡನೇ ಮಹಾಯುದ್ಧದ ನಂತರ ಜೋರು ಹಿಡಿದ ಫ್ಯಾಷನ್. ‘ನಾಟ್ ಫಾರ್ ಬಾಲ್’ ಕೋವಿಯಲ್ಲಿ ಅದಕ್ಕೆ ಜಾಗವಿಲ್ಲ.

ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಹಳೇ ಕೋವಿಗಳನ್ನು ಕೊಳ್ಳುವುದುಂಟು, ಅವರಿಗಾಗಿ ಎರಡು ಮಾತು. ಪಾರ್ಕರ್, ಫಾಕ್ಸ್, ಎಲ್.ಸಿ. ಸ್ಮಿತ್ ಕೋವಿಗಳ ಸಾಮಾನ್ಯ ದರ್ಜೆಗಳಿಗೆ ಕಪ್ಪು ಗಟ್ಟಿ ರಬ್ಬರಿನ ತೆಳು ಬಟ್ ಫಲಕ ಬರುತ್ತಿತ್ತು, ಪಾರ್ಕರ್‌ನದರಲ್ಲಿ ನಾಯಿ ತಲೆಯ ಅಚ್ಚು. ಪ್ಯಾಡ್ ಬೇಕಾದವರು ಹೆಚ್ಚಿಗೆ ಹಣ ಕೊಟ್ಟು ಆರ್ಡರ್ ಮಾಡಬೇಕಿತ್ತು, ಕಾರ್ಖಾನೆಗಳು ಹಾಕಿನ್ಸ್, ಜಾಸ್ಟಮ್ ಮುಂತಾದ ಹೊರಗಿನ ಪ್ಯಾಡ್‌ಗಳನ್ನು ತರಿಸಿ ಕೂರಿಸುತ್ತಿದ್ದವು. ಹಾಗಾಗಿ ಪ್ಯಾಡ್ ಮೇಲೆ ಕೋವಿ ಕಂಪನಿಯ ಹೆಸರಿಲ್ಲವೆಂದು ಅದು ಆಮೇಲಿನದು ಎನ್ನುವಂತಿಲ್ಲ. ಅಲ್ಲಿನ ಅನುಕೂಲವೆಂದರೆ ದಾಖಲೆ: ಎಲ್.ಸಿ. ಸ್ಮಿತ್ ಮತ್ತು ವಿಂಚೆಸ್ಟರ್ 21ರ ಕಾರ್ಖಾನೆ ದಾಖಲೆಗಳು ವಯೋಮಿಂಗ್‌ನ ಕೋಡಿ ವಸ್ತುಸಂಗ್ರಹಾಲಯದಲ್ಲಿವೆ, ಪಾರ್ಕರ್ ಸಂಗ್ರಾಹಕರ ಸಂಘ ಉಳಿದಿರುವ ಆರ್ಡರ್ ಪುಸ್ತಕಗಳಿಂದ ಪತ್ರ ಕೊಡುತ್ತದೆ. ಕ್ರಮಸಂಖ್ಯೆ ಕೊಟ್ಟು ಕೇಳಬೇಕು. ಪರ್ಡಿ, ಹಾಲೆಂಡ್‌ನಂಥ ಇಂಗ್ಲಿಷ್ ಕಂಪನಿಗಳಲ್ಲೂ ಹಳೇ ಖಾತೆ ಪುಸ್ತಕಗಳಿವೆ. ಅಲ್ಲಿ ಬರೆದ ಹಿಡಿಯ ಉದ್ದಕ್ಕೂ ನಿಮ್ಮ ಟೇಪಿನ ಅಳತೆಗೂ ತಾಳೆಯಾದರೆ ಅದಕ್ಕಿಂತ ದೊಡ್ಡ ಪುರಾವೆ ಬೇಡ.

ಕಾನೂನಿನ ವಿಷಯ ಹೇಳದೆ ಬಿಡುವಂತಿಲ್ಲ. ಕೋವಿ ಎಷ್ಟೇ ಹಳತಾಗಲಿ, ರಿಪೇರಿ ಮಾಡಿದರೆ ಈಡು ಹೊಡೆಯುವಂತಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ರಿಪೇರಿಯನ್ನೂ ಪರವಾನಗಿ ಇರುವವರಲ್ಲೇ ಮಾಡಿಸಬೇಕು. ಕೊಡವರಿಗೂ, ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿ ಇದನ್ನು ಬದಲಿಸುವುದಿಲ್ಲ.

ಹೊಸ ಪ್ಯಾಡ್ ಹಾಕಿಸಲೇಬೇಕಾದರೆ ಮರಕ್ಕೆ ಗರಗಸ ಮುಟ್ಟಿಸಬೇಡಿ, ಹಳೇ ತೂತುಗಳಿಗೇ ಹೊಂದಿಸಲು ಹೇಳಿ. ಪ್ಯಾಡನ್ನು ಮರಕ್ಕೆ ಜೋಡಿಸಿಟ್ಟೇ ಬೆಲ್ಟ್ ಸ್ಯಾಂಡರಿಗೆ ಹಿಡಿದರೆ ಅಂಚಿನ ಹಳೇ ವಾರ್ನಿಷ್ ಹೋಗುತ್ತದೆ. ಗುರುತು ಹಾಕಿಕೊಂಡು, ಬೇರೆ ಹಿಡಿದು ಉಜ್ಜಿಸಿ. ವರ್ಷಕ್ಕೆ ನಾಲ್ಕು ಈಡು ಹೊಡೆಯುವುದಷ್ಟೇ ಆದರೆ ಹಿಡಿಗೆ ಹೊರಗಿನಿಂದ ತೊಡಿಸುವ ಚರ್ಮದ ಚೀಲವೇ ಸಾಕು. ಉಳಿದಿರುವ ಹಳೇ ರಬ್ಬರಿಗೆ ಸೀಮೆಎಣ್ಣೆಯನ್ನಾಗಲಿ ಕೋವಿ ಎಣ್ಣೆಯನ್ನಾಗಲಿ ಸವರಬಾರದು, ನೈಸರ್ಗಿಕ ರಬ್ಬರ್ ಅದನ್ನು ಹೀರಿ ಊದಿಕೊಳ್ಳುತ್ತದೆ. ಎಣ್ಣೆ ಹಾಕಿದ ಕೋವಿಯನ್ನು ಕೆಲವು ದಿನ ನಳಿಗೆ ಕೆಳಗಾಗಿ, ಬಾಯಿಗೆ ಬಟ್ಟೆಯಿಟ್ಟು ನಿಲ್ಲಿಸಿದರೆ ಹೆಚ್ಚಿನ ಎಣ್ಣೆ ಮರಕ್ಕೂ ಪ್ಯಾಡ್‌ಗೂ ಇಳಿಯದೆ ಹೊರಗೆ ಬರುತ್ತದೆ. ಕಿತ್ತ ಪ್ಯಾಡ್, ಅದರ ಬಿರಡೆ, ಎರಡು ಸ್ಕ್ರೂ ಇವನ್ನು ಒಂದು ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಕೋವಿಯ ಕ್ರಮಸಂಖ್ಯೆ ಮತ್ತು ಬಿಚ್ಚಿದ ತಾರೀಕು ಬರೆದು ದಾಖಲೆ ಪತ್ರಗಳ ಜೊತೆಗಿಡಿ.

ಇಂತಿ,
ಒಬ್ಬ ಓದುಗ, ವಿರಾಜಪೇಟೆ