ಹೆಸರು ತಿಳಿಯದ ಹಿರಿಯರಿಗೆ ವಂದನೆ

ಹಳೆಯ ಕಾರಿನ ಬಂಪರ್ ಮತ್ತು ಬಾಗಿಲಿನ ಹಿಡಿಗಳನ್ನು ಹೊತ್ತು ಕ್ರೋಮ್ ಲೇಪನದ ಅಂಗಡಿಯೊಂದರ ಮುಂದೆ ನಿಂತಿದ್ದ ನನ್ನನ್ನು ಕರೆದು, ಬಿಡುವು ಮಾಡಿಕೊಂಡು ಎಲ್ಲವನ್ನೂ ತಿಳಿಸಿಕೊಟ್ಟ ಹಿರಿಯರೇ, ತಮ್ಮ ಹೆಸರನ್ನು ಕೇಳಲು ಅಂದು ನನಗೆ ತೋಚಲಿಲ್ಲ; ಆದ್ದರಿಂದ ಇಲ್ಲಿಂದಲೇ ತಮಗೆ ಮನಃಪೂರ್ವಕ ವಂದನೆಗಳನ್ನು ಸಲ್ಲಿಸುತ್ತಿದ್ದೇನೆ.

ಅದಕ್ಕೂ ಮೊದಲು ಬೇರೊಂದು ಕಡೆ ಮಾಡಿಸಿದ್ದ ಲೇಪನ ವರ್ಷ ತುಂಬುವಷ್ಟರಲ್ಲಿ ಪದರು ಪದರಾಗಿ ಎದ್ದುಹೋಗಿತ್ತು. ಅಲಂಕಾರದ ಕ್ರೋಮ್ ಪದರವು ಸಾಮಾನ್ಯವಾಗಿ 1 ಮೈಕ್ರಾನ್‌ಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ) ತೆಳುವಾದದ್ದು, ತುಕ್ಕನ್ನು ತಡೆಯುವುದು ಮುಖ್ಯವಾಗಿ ಅದರ ಕೆಳಗಿನ ನಿಕ್ಕಲ್ ಪದರ, ಕನ್ನಡಿಯಂಥ ಹೊಳಪಾದರೋ ಲೋಹವನ್ನು ಎಷ್ಟು ಶ್ರದ್ಧೆಯಿಂದ ಉಜ್ಜಿ ಪಾಲಿಶ್ ಮಾಡಲಾಗಿದೆ ಎಂಬುದರ ಮೇಲೆ ನಿಂತಿದೆ ಎಂದು ತಾವು ವಿವರಿಸಿದಾಗಲೇ ನನಗೆ ಕಾರಣ ಅರ್ಥವಾದದ್ದು. ಗೀರಾಗಲಿ ಗುಳಿಯಾಗಲಿ ಇದ್ದರೆ ಕ್ರೋಮ್ ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ.

ಅಂಗಡಿಯನ್ನು ಆರಿಸುವ ಬಗೆಯನ್ನೂ ತಾವೇ ಹೇಳಿಕೊಟ್ಟಿರಿ. ಹಳೆಯ ಲೇಪನವನ್ನು ಪೂರ್ತಿ ತೆಗೆಯುತ್ತಾರೆಯೇ, ನಿಕ್ಕಲ್‌ಗೆ ಮೊದಲು ತಾಮ್ರದ ಪದರ ಹಾಕಿ ಮತ್ತೆ ಉಜ್ಜುತ್ತಾರೆಯೇ, ಸತುವಿನ ಎರಕದ ಭಾಗಗಳಿಗೆ ಲೇಪನ ಮಾಡಿದ ಅನುಭವ ಅವರಿಗಿದೆಯೇ, ವಿಷಕಾರಿ ಕ್ರೋಮಿಯಂ ನೀರನ್ನು ಶುದ್ಧೀಕರಿಸಿಯೇ ಹೊರಬಿಡುತ್ತಾರೆಯೇ ಎಂದು ಕೇಳಬೇಕೆಂದಿರಿ. ಸುತ್ತಲಿನ ಜನರ ಆರೋಗ್ಯಕ್ಕೆ ಸಂಬಂಧಿಸಿದ ಈ ಕೊನೆಯ ಪ್ರಶ್ನೆಯನ್ನು ತಾವು ಒತ್ತಿ ಹೇಳಿದ್ದು ನನ್ನ ಮನಸ್ಸಿಗೆ ಬಹಳ ಹಿಡಿಸಿತು.

ತಮ್ಮ ಮಾತಿನಂತೆ ಹುಡುಕಿದ ಅಂಗಡಿಯವರು ತಾಮ್ರ ಹಾಕಿ ಉಜ್ಜಿದ ಹಂತದಲ್ಲೇ ನನ್ನನ್ನು ಕರೆದು ತೋರಿಸಿದರು. ಹಿಡಿಗಳ ಮೇಲಿದ್ದ ಗುಳಿಗಳಲ್ಲಿ ಒಂದೂ ಕಾಣಲಿಲ್ಲ. ಈಗ ಬಂಪರ್ ಕಾರಿಗೆ ಮರಳಿ ಕೂತಿದೆ. ಎಲ್ಲಿಯಾದರೂ ಈ ಕಾರು ತಮ್ಮ ಕಣ್ಣಿಗೆ ಬಿದ್ದರೆ ದಯವಿಟ್ಟು ನಿಲ್ಲಿಸಿ, ಒಮ್ಮೆ ನೋಡಿ.